ಗಾಲಿಕುರ್ಚಿಯ ಆಯುಷ್ಯ

ನನಗೆ ಇಂಗ್ಲಿಷ್ ಬರುತ್ತದೆ ಎಂಬ ಸಂಗತಿ ಗಂಗಾವತಿಯಲ್ಲಿ ಗುಟ್ಟಾಗಿ ಉಳಿದಿದ್ದರೆ ನನ್ನ ಬಾಳು ಎಷ್ಟೋ ನೆಮ್ಮದಿಯಾಗಿರುತ್ತಿತ್ತು. ಆದರೆ ಕಾಲೇಜಿನಲ್ಲಿ ಅದನ್ನೇ ಕಲಿಸಿ ಹೊಟ್ಟೆ ಹೊರೆಯುವವನು ಗುಟ್ಟು ಕಾಪಾಡುವುದಾದರೂ ಹೇಗೆ? ಡಾಕ್ಟರ ಬಳಿ ಜನ ಜ್ವರ ಬಂದರೆ ಹೋಗುತ್ತಾರೆ, ವಕೀಲರ ಬಳಿ ಜಗಳ ಬಂದರೆ ಹೋಗುತ್ತಾರೆ. ಇಂಗ್ಲಿಷ್ ಮಾಸ್ತರನ ಬಳಿ ಎಲ್ಲದಕ್ಕೂ ಬರುತ್ತಾರೆ. ಈ ಔಷಧ ಕುಡಿಯುವುದೋ ಹಚ್ಚುವುದೋ, ಪಂಪ್‌ಸೆಟ್ಟಿನ ಡಬ್ಬಿಯ ಮೇಲೆ ಕೆಂಪಕ್ಷರದಲ್ಲಿ ಏನಿದೆ, ಮಗಳ ಹೆಸರಿನಲ್ಲಿ ಎಚ್ ಬರಬೇಕೋ ಬೇಡವೋ, ಎಲ್ಲಕ್ಕೂ ನಾನೇ. ಒಮ್ಮೆ ನಮ್ಮ ಓಣಿಯ ಗೃಹಸ್ಥರೊಬ್ಬರು ಭತ್ತಕ್ಕೆ ಹೊಡೆಯುವ ಔಷಧದ ಡಬ್ಬಿ ತಂದು, "ಓದಿ ಹೇಳ್ರಿ ಸರ, ಹುಳಾ ಸಾಯ್ತಾವೋ ಇಲ್ಲೋ" ಎಂದರು. "ಸಾಯ್ತಾವ ಅಂತ ಬರದಾರ್ರಿ" ಎಂದೆ. ಹುಳ ಸಾಯಲಿಲ್ಲ. ಅವರು ಮಾತು ಬಿಟ್ಟದ್ದು ಕಂಪನಿಯವರ ಜೊತೆಗಲ್ಲ, ನನ್ನ ಜೊತೆಗೆ. ಬರೆದವನು ಎಲ್ಲೋ ದೂರದಲ್ಲಿರುತ್ತಾನೆ. ಓದಿ ಹೇಳಿದವನು ಕೈಗೆ ಸಿಗುತ್ತಾನೆ. ಅಷ್ಟಾದರೂ ನನಗೊಂದು ಜಂಬವಿತ್ತು. ಒಂದು ಭಾಷೆಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಹೇಳುವಾಗ ನಾನು ಉಪ್ಪು ಹಾಕುವವನಲ್ಲ, ನೀರು ಬೆರೆಸುವವನೂ ಅಲ್ಲ. ನನ್ನ ಹೆಂಡತಿ ಸುಶೀಲಾ ಇದಕ್ಕೆ, "ನಿಮಗ ಎಲ್ಲಾ ಭಾಷಾ ಬರ್ತಾವ, ಸುಮ್ಮನ ಇರೋದೊಂದು ಬರಂಗಿಲ್ಲ" ಎಂದು ಷರಾ ಬರೆದಿದ್ದಾಳೆ.

ಇಷ್ಟೆಲ್ಲ ಅನುಭವವಿದ್ದೂ ನಾನು ಡೋರತಿಯವರ ಬಾಯಿಯಾಗಲು ಒಪ್ಪಿದೆ. ಆಗಷ್ಟೇ ಕೊಪ್ಪಳ ಜಿಲ್ಲೆಯಾಗಿತ್ತು. ನಾವಿನ್ನೂ ಬಾಯಿತಪ್ಪಿ ರಾಯಚೂರು ಜಿಲ್ಲೆ ಎಂದೇ ಹೇಳುತ್ತಿದ್ದ ಕಾಲ. ಡೋರತಿ ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ, ಅರವತ್ತು ದಾಟಿದ ಹೆಂಗಸು. ಹಂಪಿ ನೋಡಲು ಬಂದವರು ಹೊಳೆಯ ಈ ದಡದ ವಿರೂಪಾಪುರಗಡ್ಡೆಯಲ್ಲಿ ಗದ್ದೆಗಳ ನಡುವಿನ ಒಂದು ಗುಡಿಸಲಿನಲ್ಲಿ ತಂಗಿದ್ದರು. ಒಂದು ದಿನ ಹನುಮನಹಳ್ಳಿಯ ರಸ್ತೆಯಲ್ಲಿ, ಎರಡೂ ಕೈಗೆ ಹವಾಯಿ ಚಪ್ಪಲಿ ತೊಟ್ಟು, ಸೊಂಟದ ಕೆಳಗಿನ ದೇಹವನ್ನು ಮೂಟೆಯ ಹಾಗೆ ಎಳೆದುಕೊಂಡು ನೆರಳಿಗೆ ಹೋಗುತ್ತಿದ್ದ ಒಬ್ಬನನ್ನು ಕಂಡರು. ಅವನು ಹನುಮಂತ. ನಮ್ಮೂರಿನ ವಿರುಪಣ್ಣ ಸಾವಕಾರರ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಆಳು. ಭತ್ತದ ಚೀಲಗಳ ಅಟ್ಟಿ ಮೈಮೇಲೆ ಕುಸಿದು ಬೆನ್ನುಹುರಿ ಮುರಿದಿತ್ತು. ಸಾವಕಾರರು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿ ಖರ್ಚು ನೋಡಿಕೊಂಡರು. ಊರೆಲ್ಲ ಅವರನ್ನು ಹೊಗಳಿತು. ಹೊಗಳಿ ಮುಗಿದ ಮೇಲೆ ಊರೂ ಹನುಮಂತನನ್ನು ಮರೆಯಿತು, ಸಾವಕಾರರೂ ಮರೆತರು. ಡೋರತಿ ಮಾತ್ರ ತಮ್ಮ ದೇಶಕ್ಕೆ ಹೋಗಿಯೂ ಮರೆಯಲಿಲ್ಲ.

ಆಕೆ ಮತ್ತು ಆಕೆಯ ನಾಲ್ಕಾರು ನಿವೃತ್ತ ಗೆಳೆಯರು ಸೇರಿ ಅಲ್ಲಿ ಒಂದು ಕೆಲಸ ಮಾಡುತ್ತಿದ್ದರಂತೆ. ಮನೆಮನೆಗೆ ಹೋಗಿ ಬಳಕೆಯಲ್ಲಿಲ್ಲದ ಗಾಲಿಕುರ್ಚಿ, ಊರುಗೋಲು, ಹಿಡಿದು ನಡೆಯುವ ಚೌಕಟ್ಟು ಇಂಥವನ್ನೆಲ್ಲ ಬೇಡಿ ತರುವುದು, ಕಾರಿನ ಶೆಡ್ಡಿನಲ್ಲಿ ಕೂತು ರಿಪೇರಿ ಮಾಡುವುದು, ಹಡಗಿಗೆ ಹಾಕಿ ಬಡ ದೇಶಗಳಿಗೆ ಕಳಿಸುವುದು. ಈ ಸಲದ್ದು ಗಂಗಾವತಿಗೆ ಎಂದು ಆಕೆ ಹಟ ಹಿಡಿದರು. ಹಡಗು ಬಂತು, ಬಂದರಿನಲ್ಲಿ ತಿಂಗಳುಗಟ್ಟಲೆ ಕೂತಿತು, ಕೊನೆಗೆ ಲಾರಿ ಹತ್ತಿತು. ಹಿಂದಿನಿಂದ ಡೋರತಿ ಬಂದರು, ಜೊತೆಗೆ ರಾನ್ ಎಂಬ ಮುದುಕನೊಬ್ಬ. ನಟ್ಟು ತಿರುಗಿಸುವ ಪಾನಾ ಮತ್ತು ಎಣ್ಣೆಡಬ್ಬಿ ಬಿಟ್ಟರೆ ಅವನಿಗೆ ಬೇರೆ ಭಾಷೆಯೇ ಬೇಕಿರಲಿಲ್ಲ. ನಾನು ಅವನ ಮೇಲೆ ಬಹಳ ಅಸೂಯೆ ಪಟ್ಟಿದ್ದೇನೆ.

ಊರಿನ ಸೇವಾ ಸಂಘಕ್ಕೆ ವಿರುಪಣ್ಣ ಸಾವಕಾರರೇ ಅಧ್ಯಕ್ಷರು. ಕಲ್ಯಾಣ ಮಂಟಪದಲ್ಲಿ ಸಮಾರಂಭ ಇಟ್ಟರು. ಮದುಮಕ್ಕಳು ಕೂರುವ ಜಾಗದಲ್ಲಿ ಗಾಲಿಕುರ್ಚಿಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದಕ್ಕೂ ಸೇವಂತಿ ಹಾರ ಹಾಕಿಸಿದ್ದರು. ನೋಡಿದರೆ ಸಾಮೂಹಿಕ ವಿವಾಹಕ್ಕೆ ಗಂಡುಗಳು ಬಂದು ನಿಂತ ಹಾಗಿತ್ತು. ಕುರ್ಚಿಗಳೆಲ್ಲ ಆಜಾನುಬಾಹುಗಳಿಗೆಂದು ಮಾಡಿದವು. ನಮ್ಮವರು ಒಂದರಲ್ಲಿ ಇಬ್ಬರು ಕೂತರೂ ಇನ್ನೊಬ್ಬರಿಗೆ ಜಾಗ ಇರುತ್ತಿತ್ತು. ಸಾವಕಾರರು ಮುಕ್ಕಾಲು ತಾಸು ಮಾತಾಡಿದರು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿದಾಗ ನಾಲ್ಕು ನಿಮಿಷವಾಯಿತು. ಏನೂ ಬಿಟ್ಟಿರಲಿಲ್ಲ, ಇದ್ದದ್ದೇ ಅಷ್ಟು.

ಮೊದಲ ಕುರ್ಚಿ ಹನುಮಂತನಿಗೇ ಹೋಗಬೇಕೆಂದು ಡೋರತಿ ಹೇಳಿದ್ದರು. ಕಡುನೀಲಿ ಬಣ್ಣದ, ಮೆತ್ತನೆಯ ಆಸನದ, ಎಲ್ಲಕ್ಕಿಂತ ಚೆಂದದ ಕುರ್ಚಿ. ಹನುಮಂತನ ತಾಯಿ ಯಂಕವ್ವ ಮತ್ತು ಹೆಂಡತಿ ರತ್ನವ್ವ ಅವನನ್ನು ಎತ್ತಿಕೊಂಡು ವೇದಿಕೆಗೆ ಬಂದರು. ರತ್ನವ್ವ ಅವನನ್ನು ಕೂರಿಸಲು ಬಗ್ಗಿದಳು. ಯಂಕವ್ವ ತಡೆದಳು. ಕುರ್ಚಿಯ ತೋಳಿನ ಮೇಲೆ ಸವೆದು ಬೆಳ್ಳಗಾದ ಒಂದು ಜಾಗವಿತ್ತು. ಅದನ್ನು ಬೆರಳಿನಿಂದ ಉಜ್ಜಿ ನೋಡಿದಳು.

"ಮಾಸ್ತರ, ಇದು ಹೊಸಾದೋ ಹಳೇದೋ?"

"ಹಳೇದು, ರಿಪೇರಿ ಮಾಡ್ಯಾರ."

"ಹಂಗಾರ ಮದಲ ಇದರಾಗ ಯಾರು ಕುಂದರತಿದ್ರು? ಆಕೀನ್ನ ಕೇಳ್ರಿ."

ಕೇಳಿದೆ. ಡೋರತಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಅದು ತನ್ನ ಗಂಡ ಪೀಟರನದೆಂದೂ ಅವನು ಹೋದ ವರ್ಷ ತೀರಿಕೊಂಡನೆಂದೂ ಹೇಳಿದರು. ಮೈಕು ನನ್ನ ಕೈಯಲ್ಲೇ ಇತ್ತು. ಉಪ್ಪಿಲ್ಲದೆ, ನೀರಿಲ್ಲದೆ ಹೇಳಿದೆ: "ಇದು ಇವರ ಯಜಮಾನ್ರದಂತ. ಹ್ವಾದ ವರ್ಷ ತೀರಿಕೊಂಡಾರಂತ."

ನಮ್ಮಲ್ಲಿ ಸತ್ತವರ ಹಾಸಿಗೆಯನ್ನು ಊರ ಹೊರಗೆ ಎಸೆದು ಬರುತ್ತಾರೆ. ಹಾರ ಹಾಕಿ ಮನೆಗೆ ತರುವುದಿಲ್ಲ. ಯಂಕವ್ವ ಮಗನನ್ನು ಎಳೆದು ಎದೆಗೆ ಒತ್ತಿಕೊಂಡಳು. ಸಭೆಯಿಂದ ಒಬ್ಬ ಕೂಗಿದ: "ಸರ, ನನಗ ಕೊಡೋದು ಯಾರ್ದು?" ಇನ್ನೊಬ್ಬಳು, "ನಂದು ಕೇಳ್ರಿ ಸರ, ನಂದು" ಎಂದಳು. ನಾನು ಕೇಳುತ್ತ ಹೋದೆ. ಒಂದು ಡೋರತಿಯ ನೆರೆಮನೆಯವಳದು, ತೀರಿಕೊಂಡಿದ್ದಳು. ಒಂದು ಸಾಲೆಯ ಮಾಸ್ತರನದು, ಅವನೂ ಇರಲಿಲ್ಲ. ಸರದಿ ಬರುವ ಮೊದಲೇ ಒಂದು ಕುರ್ಚಿಯಲ್ಲಿ ಕೂತು ಹಾರ ಹಾಕಿಸಿಕೊಂಡಿದ್ದ ಮೊಣಕಾಲು ನೋವಿನ ಅಜ್ಜನೊಬ್ಬ ಯಾರ ಆಸರೆಯೂ ಇಲ್ಲದೆ ದಡಕ್ಕನೆ ಎದ್ದು ನಿಂತು ಬಾಗಿಲ ತನಕ ನಡೆದ. ವಿಷಯ ತಿಳಿಯದ ರಾನ್ ಸಂತೋಷದಿಂದ ಚಪ್ಪಾಳೆ ತಟ್ಟಿದ. ಚಹಾ ಬರುವುದರೊಳಗೆ ಮಂಟಪ ಖಾಲಿಯಾಗಿತ್ತು. ಕುರ್ಚಿಗಳು ಹಾರ ಹಾಕಿಕೊಂಡು ಕೂತಿದ್ದವು.

ವಿರುಪಣ್ಣ ಸಾವಕಾರರು ನನ್ನನ್ನು ಅಡುಗೆಮನೆಯ ಕಡೆ ಎಳೆದುಕೊಂಡು ಹೋದರು. "ರೀ ಮಾಸ್ತರ, ಬುದ್ಧಿ ಐತೇನ್ರಿ ನಿಮಗ? ಆಕಿ ಹೇಳಿದ್ದೆಲ್ಲಾ ಹೇಳಬೇಕಂತ ಎಲ್ಲೈತಿ?"

"ಭಾಷಾಂತರ ಅಂದ್ರ ಹಂಗರಿ ಸಾವಕಾರ್ರ."

"ಭಾಷಾಂತರ ಮಾಡಾಕ ಹೋಗಿ ನನ್ನ ಕಾರ್ಯಕ್ರಮಾನ ತಿಥಿ ಮಾಡಿದ್ರಲ್ರಿ!"

ಡೋರತಿಗೆ ಇದನ್ನು ತಿಳಿಸಿ ಹೇಳುವುದು ಇನ್ನೂ ಕಷ್ಟವಾಯಿತು. ಆಕೆಗೆ ಅರ್ಥವೇ ಆಗಲೊಲ್ಲದು. ಬದುಕಿರುವವರು ಕುರ್ಚಿಯನ್ನು ಯಾಕೆ ಕೊಡುತ್ತಾರೆ, ಅವರಿಗೆ ಅದು ಬೇಕಲ್ಲ, ಎಂದು ನನ್ನನ್ನೇ ಕೇಳಿದರು. ನ್ಯಾಯವಾದ ಮಾತು. ಆ ಕುರ್ಚಿಗಳನ್ನು ಅಂದು ಮಂಟಪದವರು ಇಟ್ಟುಕೊಳ್ಳಲು ಒಪ್ಪಲಿಲ್ಲ, ಮರುದಿನ ಅಲ್ಲಿ ಮದುವೆ. ಸಂಘದ ಕೋಣೆಯ ಕೀಲಿ ಸಿಗಲಿಲ್ಲ. ಅಥವಾ ಸಿಗಬಾರದೆಂದು ಯಾರೋ ತೀರ್ಮಾನಿಸಿದ್ದರು. ಕೊನೆಗೆ ಎಲ್ಲವೂ ನಮ್ಮ ಮನೆಯ ಪಡಸಾಲೆಗೆ ಬಂದವು. ಸುಶೀಲಾ ಬಾಗಿಲಲ್ಲಿ ನಿಂತು ನೋಡಿದಳು. "ಇಷ್ಟ ಮಂದಿ ಸತ್ತವರನ್ನ ಒಮ್ಮಿಗೇ ಮನಿಗೆ ಕರಕೊಂಡ ಬಂದೀರಿ. ಅಡಿಗಿ ಯಾರಿಗೆ ಮಾಡ್ಲಿ?" ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ಡೋರತಿ, ಹನುಮನಹಳ್ಳಿಯ ಹನುಮಂತನ ಮನೆಗೆ ಹೋಗೋಣ ಎಂದರು. ನೀಲಿ ಕುರ್ಚಿಯನ್ನು ಜೀಪಿನ ಮೇಲೆ ಕಟ್ಟಿಕೊಂಡು ಹೊರಟೆವು. ಮನೆಯಲ್ಲಿ ಜಗಳ ನಡೆದಿತ್ತು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡದೆ, ನಡುವೆ ಚಾಪೆಯ ಮೇಲೆ ಮಲಗಿದ್ದ ಹನುಮಂತನನ್ನು ನೋಡುತ್ತ ವಾದ ಮಾಡುತ್ತಿದ್ದರು. ಕುರ್ಚಿ ಕಂಡದ್ದೇ ರತ್ನವ್ವ ಎದ್ದು ನಿಂತಳು.

"ಅತ್ತಿ, ಈ ಮನಿ ಯಾರು ಕಟ್ಟ್ಯಾರ? ನಿಮ್ಮ ಮಾವ. ಅದಾರೇನು ಈಗ? ನಿಮ್ಮ ಮೂಗಬಟ್ಟು ಯಾರ್ದು? ನಿಮ್ಮ ಅತ್ತೀದು. ಅದಾಳೇನು? ಎಲ್ಲಾ ಸತ್ತವರದ ಐತಿ. ಇವರನ್ನ ಹೊತ್ತು ಹೊತ್ತು ನನ್ನ ಸೊಂಟ ಮುರದೈತಿ."

"ಮೂಗಬಟ್ಟು ಮೂಗಿನಾಗ ಇರತೈತಿ" ಎಂದಳು ಯಂಕವ್ವ. "ಇದರಾಗ ನನ್ನ ಮಗ ಇರಬೇಕಲ್ಲ."

ಹನುಮಂತ ಚಾಪೆಯ ಮೇಲಿಂದಲೇ ಹೇಳಿದ: "ಯವ್ವ, ಕುರ್ಚ್ಯಾಗ ಕುಂತ್ರೂ ಸಾಯೋದೈತಿ, ನೆಲದ ಮ್ಯಾಲ ಬಿದ್ರೂ ಸಾಯೋದೈತಿ. ಕುರ್ಚ್ಯಾಗ ಕುಂತ್ರ ನಾಕ ಮಂದಿ ಮಾರಿ ಕಾಣತಾವ. ಇಲ್ಲಿಂದ ಬರೇ ಕಾಲು ಕಾಣತಾವ ನನಗ."

ಡೋರತಿ ನನ್ನ ಕಡೆ ನೋಡಿದರು. ಹೇಳಿದೆ. ಇಂಗ್ಲಿಷಿನಲ್ಲಿ ಆ ಮಾತು ಅರ್ಧಕ್ಕರ್ಧ ಸಪ್ಪೆಯಾಯಿತು, ಆದರೂ ಆಕೆಗೆ ಸಾಕಾಯಿತು. ತಲೆ ತಗ್ಗಿಸಿ ಕೂತರು. ಯಂಕವ್ವ ಸ್ವಲ್ಪ ಹೊತ್ತು ಆಕೆಯನ್ನೇ ದಿಟ್ಟಿಸಿದಳು. ಗಂಡ ಸತ್ತ ಹೆಂಗಸನ್ನು ಗಂಡ ಸತ್ತ ಹೆಂಗಸು ನೋಡುವ ನೋಟ. ಅದಕ್ಕೆ ನನ್ನ ಅಗತ್ಯವಿರಲಿಲ್ಲ. ಆಮೇಲೆ ಕೇಳಿದಳು: "ದೊರಸಾನಿ ಗಂಡ ಇದರಾಗ ಕುಂತ ಮ್ಯಾಲ ಎಷ್ಟ ದಿನಕ್ಕ ಸತ್ತ? ಅದೊಂದ ಕೇಳ್ರಿ ಮಾಸ್ತರ."

ನಾನು ಕೇಳಿದೆ. ಡೋರತಿ ಬಾಗಿಲಾಚೆಯ ಗದ್ದೆಯ ಕಡೆ ನೋಡಿದರು. ಭತ್ತ ತೆನೆ ಬಿಟ್ಟಿತ್ತು. ನೋಡುತ್ತಲೇ, ಹನ್ನೊಂದು ವರ್ಷ ಬದುಕಿದ್ದರು ಎಂದರು.

"ಹನ್ನೊಂದ ವರ್ಷ ಬದುಕಿದ್ರಂತ ಯಂಕವ್ವ."

"ಹನ್ನೊಂದ?" ಮುದುಕಿ ಬೆರಳು ಮಡಚಿದಳು. "ಕಡಿಮಿ ಆತಲ್ರಿ. ನನ್ನ ಮಗಗ ಇನ್ನ ಮೂವತ್ತೈದು ತುಂಬಿಲ್ಲ. ಇದಕಿಂತ ಹೆಚ್ಚಿಂದು ಯಾವದಾರ ಇಲ್ಲೇನು?"

ನಾನು ನನ್ನ ವೃತ್ತಿಧರ್ಮ ಬಿಡದೆ ಇದನ್ನೂ ತಿರುಗಿಸಿದೆ. ಡೋರತಿ ನಗಲಿಲ್ಲ. ತನ್ನ ಬಳಿ ಇರುವುದರಲ್ಲಿ ಇದೇ ಹೆಚ್ಚಿನದು, ಇದಕ್ಕಿಂತ ಹೆಚ್ಚಿನದನ್ನು ಯಾರಿಗೂ ಕೊಡುವುದಿಲ್ಲವೆಂದು ಹೇಳು, ಎಂದರು. ಯಂಕವ್ವ ಎದ್ದು ಒಳಗೆ ಹೋಗಿ ಅರಿಶಿನ ಕುಂಕುಮ ತಂದು ಎರಡೂ ಗಾಲಿಗಳಿಗೆ ಹಚ್ಚಿದಳು. ಕಾಯಿ ಒಡೆದಳು. ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಳು. ರತ್ನವ್ವ ಗಂಡನನ್ನು ಎತ್ತಿ ಕೂರಿಸಿ ತಳ್ಳಿದಳು, ಲಿಂಬೆಹಣ್ಣು ಪಚ್ಚೆಂದಿತು. ಹನುಮಂತ ಬಾಗಿಲ ತನಕ ಬಂದು ಎದುರು ಮನೆಯವಳನ್ನು ನೋಡಿ, "ಏನ ಗಂಗವ್ವ, ಭಾಳ ದಿನಕ್ಕ ನಿನ್ನ ಮಾರಿ ಕಂಡಿತಲ್ಲ" ಎಂದ.

ಸುದ್ದಿ ನಮ್ಮ ಜೀಪಿಗಿಂತ ಮೊದಲೇ ಗಂಗಾವತಿ ಮುಟ್ಟಿತ್ತು. ಮರುದಿನ ನಮ್ಮ ಮನೆಯ ಮುಂದೆ ಜಾತ್ರೆ. ಈಗ ಯಾರೂ 'ಯಾರದು' ಎಂದು ಕೇಳುತ್ತಿರಲಿಲ್ಲ. 'ಎಷ್ಟು ವರ್ಷದ್ದು' ಎಂದು ಕೇಳುತ್ತಿದ್ದರು. ಕಂಬಳಿ ಕೊಳ್ಳುವವರು ಎಳೆ ಎಳೆದು ನೋಡುವ ಹಾಗೆ ಕುರ್ಚಿಯನ್ನು ಅಲ್ಲಾಡಿಸಿ ನೋಡುತ್ತಿದ್ದರು. ಡೋರತಿ ಪಡಸಾಲೆಯಲ್ಲಿ ಕೂತು ಒಂದೊಂದನ್ನೂ ಮುಟ್ಟಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಕೂಗುತ್ತಿದ್ದೆ. ಒಂಬತ್ತು. ಏಳು. ಹತ್ತು. ಹನ್ನೊಂದರ ಮೇಲೆ ಆಕೆ ಒಮ್ಮೆಯೂ ಹೋಗಲಿಲ್ಲ. ಯಂಕವ್ವನಿಗೆ ಕೊಟ್ಟ ಮಾತು. ಮೊಣಕಾಲಿನ ಅಜ್ಜನೂ ಬಂದಿದ್ದ. "ನನಗ ಎಪ್ಪತ್ತೆಂಟ ಆಗ್ಯಾವ ಸರ, ಇನ್ನ ಹತ್ತ ತಗೊಂಡ ಏನ ಮಾಡ್ಲಿ? ಐದರದ ಇದ್ರ ಕೊಡ್ರಿ, ಸಾಕು" ಎಂದ. ಹಿಂದೆ ನಿಂತಿದ್ದ ಸೊಸೆ, "ಅವರು ಹೇಳಿದಂಗ ಕೊಡ್ರಿ ಸರ, ಹಿರೇರ ಮಾತು" ಎಂದಳು. ಸಾವಕಾರರಿಗೆ ಪರಮಾನಂದ. "ನೋಡ್ರಿ, ಇದು ಭಾಷಾಂತರ ಅಂದ್ರ!" ಎಂದು ನನ್ನ ಬೆನ್ನು ತಟ್ಟಿದರು. ಸಂಜೆಗೆ ಪಡಸಾಲೆ ಬರಿದಾಯಿತು.

ಡೋರತಿಯನ್ನೂ ರಾನನನ್ನೂ ಹೊಸಪೇಟೆಯ ರೈಲು ನಿಲ್ದಾಣಕ್ಕೆ ಬಿಡಲು ಹೋಗಿದ್ದೆ. ರೈಲು ತಡವಿತ್ತು. ರಾನ್ ಪ್ಲಾಟ್‌ಫಾರ್ಮಿನ ತೂಕದ ಯಂತ್ರದ ಮೊಳೆಗಳನ್ನು ಪರೀಕ್ಷಿಸುತ್ತಿದ್ದ. ಮಾತಿಗೆ ಮಾತು ಬೇಕಲ್ಲ ಎಂದು ನಾನು, ಹನ್ನೊಂದು ವರ್ಷ ಗಂಡನ ಸೇವೆ ಮಾಡಿದ್ದೀರಿ, ದೊಡ್ಡ ಮಾತು, ಎಂದೆ. ಆಕೆ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಾಲ್ಕು ತಿಂಗಳು, ಎಂದರು.

ನನಗೆ ಇಂಗ್ಲಿಷ್ ಮರೆತುಹೋಯಿತೇನೋ ಎನ್ನಿಸಿತು. ಪೀಟರ್ ಆ ಕುರ್ಚಿಯಲ್ಲಿ ಕೂತದ್ದು ನಾಲ್ಕೇ ತಿಂಗಳು, ಒಂದು ದಿನವೂ ಅದನ್ನು ಅವನು ಇಷ್ಟಪಡಲಿಲ್ಲ, ಎಂದು ಆಕೆ ಮುಂದುವರಿಸಿದರು. ಹಾಗಾದರೆ ಹನ್ನೊಂದು ಎಲ್ಲಿಂದ ಬಂತು? ಅವರ ಮದುವೆಯಾಗಿ ಮೂವತ್ತೊಂಬತ್ತು ವರ್ಷವಾಗಿತ್ತಂತೆ. ಐವತ್ತು ತುಂಬಬೇಕೆಂದು ಇಬ್ಬರಿಗೂ ಆಸೆಯಿತ್ತು. ಅದಕ್ಕೆ ಇನ್ನು ಹನ್ನೊಂದು ಬೇಕಿತ್ತು. ಆ ಮುದುಕಿ ಕೇಳಿದಾಗ ಬಾಯಿಗೆ ಅದೇ ಬಂತು, ಎಂದರು. ಉಳಿದವರಿಗೆ ಹೇಳಿದ ಒಂಬತ್ತು, ಏಳು, ಹತ್ತು? ಅವರ ಮನೆಯವರು ಎಷ್ಟು ಬೇಡಿಕೊಂಡಿದ್ದರೋ ನನಗೇನು ಗೊತ್ತು, ಅಂದಾಜಿಗೆ ಹೇಳಿದೆ, ಎಂದು ಡೋರತಿ ಕಣ್ಣೊರೆಸಿಕೊಂಡು ಸ್ವಲ್ಪ ನಕ್ಕರು. ರೈಲು ಬಂತು. ಸತ್ಯಕ್ಕೆ ಕೂದಲೆಳೆಯಷ್ಟೂ ಧಕ್ಕೆ ಬಾರದ ಹಾಗೆ ನಾನು ಎರಡು ದಿನ ಊರಿಗೆಲ್ಲ ಸಾರಿದ ಮಾತುಗಳ ಕಥೆ ಇದು.

ಹನುಮಂತನಿಗೆ ಆ ಕುರ್ಚಿ ಒಗ್ಗಿತು. ಅಂಜನಾದ್ರಿಯ ಮೆಟ್ಟಿಲುಗಳ ಬುಡದಲ್ಲಿ ಅದನ್ನು ನಿಲ್ಲಿಸಿಕೊಂಡು ಭಕ್ತರಿಗೆ ಕಾಯಿ, ಹೂವು ಮಾರತೊಡಗಿದ. ದೊಡ್ಡ ಗಂಟಲಿನವನು. ಬಿಳಿ ಪ್ರವಾಸಿಗರ ಜೊತೆ ಅವನು ಆಡುತ್ತಿದ್ದ ಇಂಗ್ಲಿಷ್ ಕೇಳಿದರೆ ನನ್ನ ಇಪ್ಪತ್ತೈದು ವರ್ಷದ ಪಾಠ ನೆನೆದು ನಾಚಿಕೆಯಾಗುತ್ತಿತ್ತು. ವ್ಯಾಕರಣ ಒಂದೂ ಇರಲಿಲ್ಲ, ತಿಳಿಯದ ಮಾತೂ ಒಂದೂ ಇರಲಿಲ್ಲ. ನಾನು ಆ ಕಡೆ ಹೋದಾಗಲೆಲ್ಲ, "ಸರ, ದೊರಸಾನವ್ವಗ ಹೇಳ್ರಿ, ಸಾಹೇಬ್ರ ಗಾಡಿ ಇನ್ನ ಗಟ್ಟಿ ಐತಿ" ಎನ್ನುತ್ತಿದ್ದ. ಹೇಳುತ್ತೇನೆ ಎನ್ನುತ್ತಿದ್ದೆ. ಡೋರತಿ ವರ್ಷಕ್ಕೊಮ್ಮೆ ಫೋನು ಮಾಡಿದಾಗ ಹೇಳುತ್ತಲೂ ಇದ್ದೆ. ಮೂರು ವರ್ಷ ಹೀಗೆ ನಡೆಯಿತು. ಮೂರನೆಯ ಬೇಸಿಗೆಯಲ್ಲಿ, ಕೂತು ಕೂತು ಬೆನ್ನ ಕೆಳಗೆ ಹುಣ್ಣಾಯಿತು. ಅಲ್ಲಿ ಅವನಿಗೆ ಸ್ಪರ್ಶವಿಲ್ಲ, ನೋವು ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ನಂಜು ಮೈಗೆಲ್ಲ ಏರಿತ್ತು. ಕೊಪ್ಪಳಕ್ಕೆ ಒಯ್ದರು, ಅಲ್ಲಿಂದ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಹುಬ್ಬಳ್ಳಿ ಮುಟ್ಟಲಿಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಯಂಕವ್ವ, ರತ್ನವ್ವ ಇಬ್ಬರೂ ಟಂಟಂ ಗಾಡಿಯಲ್ಲಿ ಕುರ್ಚಿ ಹಾಕಿಕೊಂಡು ನಮ್ಮ ಮನೆಗೆ ಬಂದರು. ನಾನು ಒಳಗಿನಿಂದ ನೋಡಿದೆ. ಹುಳ ಸಾಯದ ಡಬ್ಬಿಯವರಾದರೂ ಬರೀ ಮಾತು ಬಿಟ್ಟಿದ್ದರು. ಈಕೆ ಏನು ಮಾಡುತ್ತಾಳೋ ಎಂದು ಬಾಗಿಲ ಹಿಂದೆಯೇ ನಿಂತೆ. ಹನ್ನೊಂದು ಎಂದು ನನ್ನ ಬಾಯಿಯಿಂದಲೇ ಕೇಳಿದ್ದಳು. ರತ್ನವ್ವ ಕುರ್ಚಿ ಇಳಿಸಿ, ಗೋಡೆಗೆ ಒರಗಿ ನಿಂತಳು. ಅವಳ ಕೈಗಳಿಗೆ ಈಗ ಹೊರುವುದಕ್ಕೆ ಏನೂ ಇರಲಿಲ್ಲ. ಅವನ್ನು ಎಲ್ಲಿ ಇಡಬೇಕೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಯಂಕವ್ವ ಸೆರಗಿನಿಂದ ಆಸನ ಒರೆಸಿದಳು.

"ಮಾಸ್ತರ, ನನ್ನ ಮಗ ಮೂರ ಖರ್ಚ ಮಾಡ್ಯಾನ. ಇನ್ನ ಎಂಟ ವರ್ಷ ಇದರಾಗ ಹಂಗ ಉಳದಾವ. ಕೆಡಸಬ್ಯಾಡ್ರಿ. ಯಾರಿಗರ ಕೊಡ್ರಿ."

ನನ್ನ ಎದೆಯಲ್ಲಿ ನಾಲ್ಕು ತಿಂಗಳು ಎಂಬ ಮಾತು ಇತ್ತು. ಭಾಷಾಂತರ ಮಾಡಲಿಲ್ಲ. "ಹೂಂ ಯಂಕವ್ವ" ಎಂದೆ. ಸುಶೀಲಾ ಇಬ್ಬರನ್ನೂ ಒಳಗೆ ಕರೆದು ಊಟಕ್ಕೆ ಹಾಕಿದಳು. ರತ್ನವ್ವ ಎರಡು ತುತ್ತು ತಿಂದು ತಟ್ಟೆಯಲ್ಲೇ ಕೈ ತೊಳೆದಳು.

ಕೊಡುವುದೆಂದರೆ ಯಾರಿಗೆ? ಕೇಳಿ ಬಂದವರ ಮನೆಗಳಲ್ಲಿ ಅಷ್ಟು ದೊಡ್ಡ ಕುರ್ಚಿ ಬಾಗಿಲು ದಾಟುತ್ತಿರಲಿಲ್ಲ. ಒಂದು ವರ್ಷ ಅದು ನಮ್ಮ ಪಡಸಾಲೆಯಲ್ಲೇ ಇತ್ತು. ಬಂದ ಅತಿಥಿಗಳು ಅದರಲ್ಲಿ ಕೂರದೆ ನೆಲದ ಮೇಲೆ ಕೂರುತ್ತಿದ್ದರು. ಅಷ್ಟರಲ್ಲಿ ವಿರುಪಣ್ಣ ಸಾವಕಾರರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು, ಮಾತು ತೊದಲಾಯಿತು. ಮಕ್ಕಳು ಹೈದರಾಬಾದಿನಿಂದ ಗುಂಡಿ ಒತ್ತಿದರೆ ಓಡುವ ಹೊಸ ಕುರ್ಚಿ ತರಿಸಿದರು. ಒಂದು ದಿನ ಸಾವಕಾರರ ಡ್ರೈವರ್ ನಮ್ಮ ಮನೆಗೆ ಬಂದ. ಪಡಸಾಲೆಯ ನೀಲಿ ಕುರ್ಚಿಯನ್ನು ತರಬೇಕಂತೆ. ಹೊಸದು ಇದೆಯಲ್ಲ ಎಂದೆ. ಡ್ರೈವರ್ ಕಿವಿಯ ಬಳಿ ಬಗ್ಗಿ ಹೇಳಿದ: "ಅದರಾಗ ಕುಂದರವಲ್ರು ಸರ. ಹೊಸಾದರಾಗ ಯಾರೂ ಬದುಕಿಲ್ಲಲ್ಲ ಅಂತಾರ."

ಯಂಕವ್ವನನ್ನು ಕೇಳದೆ ಕೊಡುವುದು ಸರಿಯಲ್ಲವೆಂದು ಹನುಮನಹಳ್ಳಿಗೆ ಹೋದೆ. ಮಗನ ಜಾಗದಲ್ಲಿ ಈಗ ಅವಳೇ ಕಾಯಿ ಮಾರುತ್ತಿದ್ದಳು. ಸಾವಕಾರರ ಹೆಸರು ಹೇಳಿದಾಗ ಬಹಳ ಹೊತ್ತು ಕಾಯಿಯ ಜುಟ್ಟು ಕೀಳುತ್ತ ಕೂತಳು. ಅವರ ಗಿರಣಿಯ ಚೀಲಗಳೇ ಅವಳ ಮಗನ ಮೇಲೆ ಬಿದ್ದದ್ದು. ಬೇಡ ಎನ್ನಲಿ ಎಂದು ನಾನು ಒಳಗೊಳಗೇ ಹಾರೈಸಿದೆ.

"ಕೊಡ್ರಿ" ಎಂದಳು ಕೊನೆಗೆ. "ಆದರ ಯಾರ್ದು ಅಂತ ಹೇಳಿ ಕೊಡ್ರಿ."

ಸಾವಕಾರರ ಮನೆಯ ನಡುಮನೆಯಲ್ಲಿ ಅವರನ್ನು ಎತ್ತಿ ನೀಲಿ ಕುರ್ಚಿಯಲ್ಲಿ ಕೂರಿಸಿದೆವು. ಮುಕ್ಕಾಲು ತಾಸು ಭಾಷಣ ಮಾಡುತ್ತಿದ್ದ ಬಾಯಿ ಒಂದು ಕಡೆಗೆ ವಾಲಿತ್ತು. ಅವರು ಆಡುವುದು ಮನೆಯವರಿಗೇ ತಿಳಿಯುತ್ತಿರಲಿಲ್ಲ. ಮೂವತ್ತು ವರ್ಷ ಹುಡುಗರ ಇಂಗ್ಲಿಷ್ ಕೇಳಿದ ನನ್ನ ಕಿವಿಗೆ ತಿಳಿಯಿತು. ಯಾರದು ಎಂದು ಕೇಳಿದರು.

"ಮದಲ ಒಬ್ಬ ಸಾಹೇಬ್ರದು. ಆಮ್ಯಾಲ ಹನುಮಂತಂದು. ನಿಮ್ಮ ಗಿರಣಿ ಹಮಾಲ."

ಅವರ ಬಲಗಣ್ಣಿನಿಂದ ನೀರು ಇಳಿಯಿತು. ಕಾಯಿಲೆಯಿಂದ ಇಳಿಯಿತೋ ಇನ್ನಾವುದರಿಂದಲೋ ನಾನು ಹೇಳಲಾರೆ. ಆ ಕಣ್ಣು ಆಗಾಗ ಸೋರುತ್ತದೆಂದು ಡ್ರೈವರ್ ಮೊದಲೇ ಹೇಳಿದ್ದ. ಅವರ ಹೆಂಡತಿ ಪಾರ್ವತೆವ್ವ ಒರೆಸಿದರು. ಸಾವಕಾರರು ಮತ್ತೆ ತೊದಲಿದರು. ಎಷ್ಟು ವರ್ಷ ಉಳಿದಿದೆ ಎಂದು ಕೇಳುತ್ತಿದ್ದರು.

"ಎಂಟ ಅದಾವರಿ, ಯಂಕವ್ವ ಹೇಳ್ಯಾಳ."

ನಲವತ್ತು ವರ್ಷ ಅಕ್ಕಿ ವ್ಯಾಪಾರ ಮಾಡಿದ ಮನುಷ್ಯ. ಹೇಳಿದ ದರಕ್ಕೆ ಎಂದೂ ಒಪ್ಪಿದವರಲ್ಲ. ಸರಿಯಿದ್ದ ಎಡಗೈಯನ್ನು ಮಡಿಲಿನಿಂದ ಎತ್ತಿ ಐದೂ ಬೆರಳು ಬಿಡಿಸಿ ತೋರಿಸಿದರು. ಮಡಚಿ, ಮತ್ತೊಮ್ಮೆ ಐದೂ ಬಿಡಿಸಿದರು. ಹತ್ತು. ನಾನು ಸುತ್ತ ನೋಡಿದೆ. ಡೋರತಿ ಇರಲಿಲ್ಲ, ಯಂಕವ್ವ ಇರಲಿಲ್ಲ. ಯಾರಾದರೂ ಹೇಳಿದ್ದನ್ನು ತಿರುಗಿಸಿ ಹೇಳೋಣವೆಂದರೆ ಹೇಳುವವರೇ ಅಲ್ಲಿರಲಿಲ್ಲ. ಆ ಕೈ ಗಾಳಿಯಲ್ಲೇ ನಿಂತಿತ್ತು.

"ಆತರಿ ಸಾವಕಾರ್ರ, ಹತ್ತ ಇರ್ಲಿ" ಎಂದೆ.

ಕೈ ಇಳಿಯಿತು. ಅವರು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು. ಪಾರ್ವತೆವ್ವ ಆತುರದಿಂದ, "ಏನಂದ್ರಿ ಸರ ಅವರು? ಏನಂದ್ರು?" ಎಂದು ಕೇಳಿದರು. "ಕುರ್ಚಿ ಮೆತ್ತಗೈತಿ ಅಂದ್ರು" ಎಂದೆ.

ಮನೆಗೆ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಡೋರತಿಯ ಹನ್ನೊಂದು ಎಲ್ಲಿಂದ ಬಂದವೆಂದು ಗೊತ್ತಿತ್ತು. ಯಂಕವ್ವನ ಎಂಟು ಅದರಲ್ಲೇ ಉಳಿದವು. ಆದರೆ ನಾನು ಮೇಲೆ ಹಾಕಿದ ಆ ಎರಡು ಯಾರವು? ಯಾರ ಪಾಲಿನಿಂದ ತೆಗೆದೆ? ಅಷ್ಟು ಓದಿದವನು, ಇಂಥದ್ದಕ್ಕೆಲ್ಲ ನಗಬೇಕಾದವನು. ನಗು ಬರಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ಎಂದೂ ನೋಯದ ಮೊಣಕಾಲು ಚಳಕ್ಕೆಂದಿತು. ಬರಿದಾದ ಪಡಸಾಲೆಯಲ್ಲಿ ಕೂತುಬಿಟ್ಟೆ. ಸುಶೀಲಾ ಚಹಾ ತಂದು, ನನ್ನ ಮುಖ ನೋಡಿ, "ಯಾಕ್ರಿ, ಏನಾತು?" ಎಂದಳು. "ಏನಿಲ್ಲ. ಎರಡು ಕಡಿಮಿ ಆಗ್ಯಾವ" ಎಂದೆ. ಅವಳು ಚಹಾದ ಲೋಟದೊಳಗೆ ಇಣುಕಿ, "ಡಾಕ್ಟರು ಬ್ಯಾಡ ಅಂದಾರ, ಆದ್ರ ಇವತ್ತೊಂದಿನ ಇರ್ಲಿ" ಎಂದು ಒಳಗೆ ಹೋಗಿ ಡಬ್ಬಿ ತಂದು, ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕಲಕಿ ಕೊಟ್ಟಳು. ನಾನು ಏನೂ ಭಾಷಾಂತರ ಮಾಡದೆ ಕುಡಿದೆ.